ನಿದ್ದೆಯ ಹಾಜರಿ

12 ಅಕ್ಟೋಬರ್ 1961, ಗುರುವಾರ. ಬೆಳಿಗ್ಗೆ 8.50

ಇವರು ಈಗ ಮಲಗಿದರು. ನಾನು ಶಾಲೆಗೆ ಹೊರಡುವ ಹೊತ್ತು ಇವರಿಗೆ ರಾತ್ರಿ. ಜಡೆ ಹಾಕಿ ಆಗಿಲ್ಲ, ನಾಲ್ಕನೇ ಕ್ಲಾಸಿನ ಕಾಪಿ ಪುಸ್ತಕ ತಿದ್ದಿ ಆಗಿಲ್ಲ. ಅತ್ತೆ ಒಲೆಯ ಮುಂದೆ ಕೂತು ಯಾರಿಗೋ ಹೇಳುವ ಹಾಗೆ ಹೇಳುತ್ತಿದ್ದಾರೆ: "ಸೂರ್ಯ ಹುಟ್ಟಿದ ಮೇಲೆ ಮಲಗುದು ಎಂತ ರೋಗವೋ..." ಮನೆಯಲ್ಲಿ ಎಚ್ಚರ ಇರುವವಳು ನಾನೊಬ್ಬಳೇ. ಹಾಗಾಗಿ ನನಗೇ.

ಓಡಬೇಕು. ಹೆಡ್‌ಮಾಸ್ಟ್ರು ನಿನ್ನೆಯೂ ಗಡಿಯಾರ ನೋಡಿದರು.

ಅದೇ ದಿನ, ಸಂಜೆ 6

ನಾಲ್ಕಕ್ಕೆ ಎದ್ದರಂತೆ. ಮಧ್ಯಾಹ್ನ ಅತ್ತೆ ಎಬ್ಬಿಸಿ ಊಟ ಬಡಿಸಿದ್ದಾರೆ. ನಿದ್ದೆಗಣ್ಣಿನಲ್ಲಿ ನಾಲ್ಕು ತುತ್ತು ನುಂಗಿ ಆಮೇಲೆ ಎದೆಯುರಿ. ಕಣ್ಣೇ ಇಲ್ಲದವರಿಗೆ ನಿದ್ದೆಗಣ್ಣು ಎಂದು ಬರೆದೆ. ಇರಲಿ, ಓದುವವರು ಯಾರು.

ಮಾರ್ಚಿಯಲ್ಲಿ ಕೊಲ್ಲಮೊಗ್ರಿನ ಹತ್ತಿರ ರಸ್ತೆ ಕೆಲಸದಲ್ಲಿ ಬಂಡೆಗಿಟ್ಟ ಮದ್ದು ಸಿಡಿದದ್ದು. ಓವರ್‌ಸಿಯರ್ ಸಾಹೇಬರು, ಇವರೇ, ಹತ್ತಿರ ಹೋಗಿ ನೋಡಬೇಕಿತ್ತೇ? ಎರಡೂ ಕಣ್ಣುಗುಡ್ಡೆ ತೆಗೆಯಬೇಕಾಯಿತು. ಅದನ್ನು ಹೇಗೋ ಸಹಿಸಿದರು. ಕೋಲು ಹಿಡಿದು ಬಾವಿಯವರೆಗೆ ಹೋಗಲು ಕಲಿತರು. ಈ ನಿದ್ದೆಯದ್ದು ಮಾತ್ರ ಸಹಿಸಲಾಗುತ್ತಿಲ್ಲ. ಕೆಲವು ದಿನ ಎಲ್ಲರಂತೆ ಇರುತ್ತಾರೆ. ಆಮೇಲೆ ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂರುವುದು.

ಇವತ್ತು ಕೇಳಿದರು: "ಕಣ್ಣು ಹೋಯ್ತು, ಸರಿ. ಈಗ ತಲೆಯೂ ಹೋಗ್ತಾ ಉಂಟಾ?"

"ಸುಮ್ಮನಿರಿ" ಎಂದೆ.

14 ಅಕ್ಟೋಬರ್, ಶನಿವಾರ

ಸವಣೂರಿನಿಂದ ಭಾವ ಬಂದರು. ಇವರ ಅಣ್ಣ, ಮಹಾಗಣಪತಿ. ಅಕ್ಕಿ ಮಿಲ್ಲಿನ ಧೂಳು ಹುಬ್ಬಿನಲ್ಲಿ ಹಾಗೇ ಇತ್ತು. ಜೊತೆಗೆ ಒಬ್ಬರು ಪಂಡಿತರು. ನಾಡಿ ಹಿಡಿದರು, ನಾಲಗೆ ನೋಡಿದರು. ವಾತವಂತೆ. ಕಷಾಯ, ಪಥ್ಯ, ಒಂದು ಮಂಡಲ — ನಲವತ್ತೆಂಟು ದಿನ. ನವೆಂಬರ್ 30ಕ್ಕೆ ಮುಗಿಯುತ್ತದೆ.

ಭಾವ ಹೊರಡುವಾಗ ನನ್ನನ್ನು ಜಗಲಿಯ ಕೊನೆಗೆ ಕರೆದರು. "ನೋಡಮ್ಮ, ಇದರಲ್ಲಿ ಗುಣ ಆಗದಿದ್ರೆ ಘಟ್ಟದ ಮೇಲೆ ಒಂದು ಆಸ್ಪತ್ರೆ ಉಂಟು. ತಲೆಯದ್ದು. ಅಲ್ಲಿ ಬಿಡುದೇ. ನನ್ನ ಮಗಳಿಗೆ ಸಂಬಂಧ ಬರ್ತಾ ಉಂಟು. ಹುಚ್ಚು ಚಿಕ್ಕಪ್ಪ ಇದ್ದಾನೆ ಅಂತ ಗೊತ್ತಾದ್ರೆ ಯಾರು ಬರ್ತಾರೆ?"

ಕೆಟ್ಟವರಲ್ಲ ಭಾವ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳ ಮಾಡಬಹುದಿತ್ತು.

26 ಅಕ್ಟೋಬರ್

ಸಂಜೆ ನಾಲ್ಕಕ್ಕೆ ಮಲಗಿ ರಾತ್ರಿ ಹನ್ನೊಂದಕ್ಕೆ ಏಳುತ್ತಿದ್ದಾರೆ. ಕಷಾಯ ಹಿಡಿಯುತ್ತಿದೆ ಎಂದರು ಅತ್ತೆ. ಹಿಡಿಯಲಿ. ವಾಸನೆಗೆ ನನಗೇ ವಾಂತಿ ಬರುತ್ತದೆ.

7 ನವೆಂಬರ್, ಮಂಗಳವಾರ. ನರಕಚತುರ್ದಶಿ

ಬರೆಯಲು ಕೈ ಓಡುತ್ತಿಲ್ಲ, ಅಷ್ಟು ಸಂತೋಷ. ನಿನ್ನೆ ರಾತ್ರಿ ಹತ್ತಕ್ಕೆ ಮಲಗಿದರು. ಬೆಳಿಗ್ಗೆ ಐದಕ್ಕೆ ತಾವೇ ಎದ್ದು "ಎಣ್ಣೆ ಎಲ್ಲುಂಟು?" ಎಂದರು! ಅತ್ತೆ ತಲೆಗೆ ಎಣ್ಣೆ ಒತ್ತಿದರು. ಹಂಡೆಯ ನೀರು ಮುಗಿಯುವವರೆಗೆ ಸ್ನಾನ. ಹೊಟ್ಟೆ ತುಂಬ ಕಡುಬು ತಿಂದರು, ಎದೆಯುರಿ ಇಲ್ಲ. ಭಾವ ಹೊಸ ಪಂಚೆ ತಂದರು. ಎಲ್ಲರ ಬಾಯಲ್ಲೂ ಪಂಡಿತರೇ. ನಾನೂ ಮನಸ್ಸಿನಲ್ಲೇ ಅಡ್ಡಬಿದ್ದೆ.

12 ನವೆಂಬರ್

ಹನ್ನೆರಡೂವರೆಗೆ ಮಲಗಿದರು. ಹಬ್ಬದ ಆಯಾಸ ಇರಬಹುದು...

19 ನವೆಂಬರ್, ಭಾನುವಾರ

ಆಯಾಸವಲ್ಲ. ಈಗ ಬೆಳಗಿನ ಜಾವ ನಾಲ್ಕಕ್ಕೆ ಮಲಗಿ ಹನ್ನೊಂದಕ್ಕೆ ಏಳುವುದು. ಕಷಾಯ ಒಂದು ಹೊತ್ತೂ ತಪ್ಪಿಲ್ಲ.

ಪಂಡಿತರು ಬಂದರು. ದೀಪಾವಳಿಯ ಕಡುಬಿನಿಂದ ಪಥ್ಯ ಕೆಟ್ಟಿತಂತೆ. "ಯಾವಾಗಿಂದ ತಡ ಆಗ್ಲಿಕ್ಕೆ ಶುರುವಾದ್ದು? ದಿನಾ ಎಷ್ಟು ಗಂಟೆಗೆ ಮಲಗ್ತಾರೆ?" ಎಂದು ಕೇಳಿದರು. ಅತ್ತೆ "ಹೀಗೇ, ಒಂದೊಂದು ದಿನ ಒಂದೊಂದು ಥರ" ಎಂದರು. ನಾನೂ ಹಾಗೇ ಎಂದೆ. ಆಮೇಲೆ ನಾಚಿಕೆಯಾಯಿತು. ನಲವತ್ತು ಮಕ್ಕಳು ದಿನಾ ಬಂದರೋ ಇಲ್ಲವೋ ಎಂದು ಬರೆದಿಡುವವಳು. ಒಬ್ಬ ಗಂಡನದ್ದು ಗೊತ್ತಿಲ್ಲ.

ಹೋದ ವರ್ಷದ ಹಾಜರಿ ರಿಜಿಸ್ಟರಿನಲ್ಲಿ ಕೊನೆಯ ಪುಟಗಳು ಖಾಲಿ ಇವೆ. ಅಡ್ಡಕ್ಕೆ ಮೂವತ್ತೊಂದು ದಿನದ ಮನೆ. ಮಕ್ಕಳ ಹೆಸರಿನ ಜಾಗದಲ್ಲಿ ಗಂಟೆ ಬರೆದೆ, ಮೇಲಿನಿಂದ ಕೆಳಗೆ ಇಪ್ಪತ್ತನಾಲ್ಕು. ಎಚ್ಚರವಿದ್ದ ಗಂಟೆ ಖಾಲಿ, ನಿದ್ದೆ ಮಾಡಿದ ಗಂಟೆಗೆ ಕೆಂಪು ಪೆನ್ಸಿಲ್. ಈ ಕ್ಲಾಸಿನಲ್ಲಿ ಗೈರುಹಾಜರಿ ಮಾತ್ರ ಮುಖ್ಯ.

ಆದರೆ ರಾತ್ರಿ ನಾನು ಮಲಗಬೇಡವೇ? ಇವರೇ ಉಪಾಯ ಹೇಳಿದರು. "ಅಟ್ಟದಲ್ಲಿ ಚೆನ್ನೆಮಣೆ ಉಂಟಲ್ಲ, ಇಳಿಸು." ಕಾಯಿ ಹಾಕಿ ಆಡುವ ಮರದ ಮಣೆ, ಎರಡು ಸಾಲು, ಸಾಲಿಗೆ ಏಳು ಗುಳಿ. ಸಂಜೆ ಏಳರಿಂದ ಬೆಳಿಗ್ಗೆ ಎಂಟರ ತನಕ ಗೋಡೆಯ ಗಡಿಯಾರ ಹೊಡೆಯುವುದೂ ಹದಿನಾಲ್ಕು ಸಲ. ಹೊಡೆದದ್ದು ಕೇಳಿಸಿದರೆ ಆ ಗಂಟೆಯ ಗುಳಿಗೆ ಒಂದು ಕಾಯಿ. ಕೇಳಿಸದಿದ್ದರೆ ಗುಳಿ ಖಾಲಿ.

ಅತ್ತೆ ಹೌಹಾರಿದರು. "ಆಟಿ ತಿಂಗಳ ಮಳೆ ಕಳೆದ ಮೇಲೆ ಚೆನ್ನೆಮಣೆ ಇಳಿಸುದಾ? ಮನೆಗೆ ಒಳ್ಳೇದಲ್ಲ ಅಂತ ಗೊತ್ತಿಲ್ವಾ ನಿನಗೆ?"

"ಆಡುದಕ್ಕಲ್ಲ ಅತ್ತೆ. ಗಂಟೆ ಎಣಿಸುದಕ್ಕೆ."

"ಎಣಿಸುದೂ ಆಟವೇ."

ಇಳಿಸಿದೆ.

20 ನವೆಂಬರ್. ಬೆಳಿಗ್ಗೆ

ಹತ್ತು ಗುಳಿಯಲ್ಲಿ ಕಾಯಿ. ಕೊನೆಯ ನಾಲ್ಕು ಖಾಲಿ. ಹಗಲಿನದ್ದು ಅತ್ತೆ ನೋಡಿ ಹೇಳಬೇಕು. ಒಪ್ಪಿದ್ದಾರೆ, ಗೊಣಗುತ್ತಾ.

30 ನವೆಂಬರ್, ಗುರುವಾರ

ಮಂಡಲ ಮುಗಿಯಿತು. ಇವರು ಬೆಳಿಗ್ಗೆ ಒಂಬತ್ತೂವರೆಗೆ ಮಲಗಿದರು. ಅಕ್ಟೋಬರಿನಲ್ಲಿ ಕಷಾಯ ಶುರು ಮಾಡಿದ ದಿನ ಹೇಗಿದ್ದರೋ ಹಾಗೇ. ಸಂಜೆ ಭಾವ ಬಂದರು. ಕೂರಲೇ ಇಲ್ಲ.

"ಇನ್ನು ಕಾಯುದು ಬೇಡ. ಕಾರಿಗೆ ಹೇಳ್ತೇನೆ."

ಇವರು ತಲೆ ತಗ್ಗಿಸಿ "ಅಣ್ಣ ಹೇಳಿದ ಹಾಗೆ" ಎಂದರು. ನನಗೆ ಸಿಟ್ಟು ಬಂದದ್ದು ಭಾವನ ಮೇಲಲ್ಲ, ಈ ಮೂರು ಶಬ್ದದ ಮೇಲೆ.

ಶಾಲೆಗೆ ರಜೆ ಸಿಗುವವರೆಗೆ ತಡೆಯಿರಿ ಎಂದೆ. ಭಾನುವಾರ ಹತ್ತನೇ ತಾರೀಕು ಬರುತ್ತೇನೆ ಎಂದರು.

3 ಡಿಸೆಂಬರ್, ಭಾನುವಾರ. ಸಂಜೆ

ದೇವರೇ. ಇಷ್ಟು ದಿನ ಕಣ್ಣಿದ್ದವಳು ನಾನಾದರೂ ನೋಡಬಾರದಿತ್ತೇ?

ದಿನಾ ಒಂದೊಂದು ಮನೆ ತುಂಬುತ್ತಿದ್ದೆನೇ ಹೊರತು ಪುಟವನ್ನು ಇಡೀ ನೋಡಿರಲಿಲ್ಲ. ಇವತ್ತು ಪರೀಕ್ಷೆಯ ಮಾರ್ಕು ಕೂಡಿಸಲು ರಿಜಿಸ್ಟರ್ ತೆಗೆದರೆ — ಕೆಂಪು ಚುಕ್ಕಿಗಳು ಅಲ್ಲಿ ಇಲ್ಲಿ ಚೆಲ್ಲಿಲ್ಲ. ಒಂದು ಪಟ್ಟಿ. ಎಡಗಡೆಯ ಮೇಲಿನಿಂದ ಬಲಗಡೆಯ ಕೆಳಗೆ ಮೆಟ್ಟಿಲಿನ ಹಾಗೆ ಇಳಿಯುತ್ತಿದೆ. ಎರಡು ದಿನಕ್ಕೆ ಒಂದು ಮನೆ ಕೆಳಗೆ. ಎಲ್ಲೋ ಒಮ್ಮೆ ಮೂರು ದಿನಕ್ಕೆ. ಮೇಲೆ ಹತ್ತುವುದು ಒಮ್ಮೆಯೂ ಇಲ್ಲ. ಅಂದರೆ ದಿನಕ್ಕೆ ಅರ್ಧ ಗಂಟೆ ತಡ. ನಲವತ್ತೆಂಟು ಅರ್ಧ ಗಂಟೆಯಾದರೆ ಇಪ್ಪತ್ತನಾಲ್ಕು ಗಂಟೆ, ಒಂದು ಪೂರ್ತಿ ಸುತ್ತು. ಮತ್ತೆ ರಾತ್ರಿ ಹತ್ತಕ್ಕೆ ನಿದ್ದೆ.

ಪಂಡಿತರ ಮಂಡಲವೂ ನಲವತ್ತೆಂಟು, ಇವರ ಸುತ್ತೂ ನಲವತ್ತೆಂಟು. ಮಂಡಲ ಮುಗಿದ ದಿನ ಹೊರಟ ಜಾಗಕ್ಕೇ ಬಂದು ನಿಂತಿದ್ದರಲ್ಲದೆ ಮತ್ತೇನು?

ಈ ಡೈರಿಯನ್ನೇ ಹಿಂದಕ್ಕೆ ತಿರುವಿದೆ. ನವೆಂಬರ್ 7 ಸರಿ ಇದ್ದರು. ನಲವತ್ತೆಂಟು ದಿನ ಹಿಂದೆ ಸೆಪ್ಟೆಂಬರ್ 20: "ಇಂಜೆಕ್ಷನ್ ನಾಟಿತು, ಬೆಳಿಗ್ಗೆ ಎದ್ದು ರೇಡಿಯೋ ಕೇಳಿದರು" ಎಂದು ನಾನೇ ಬರೆದಿದ್ದೇನೆ. ಇನ್ನೂ ಹಿಂದೆ ಆಗಸ್ಟ್ 3 — ಹರಕೆ ಫಲಿಸಿತು. ಜೂನ್ ಮಧ್ಯ — ಅಡಿಕೆ ವ್ಯಾಪಾರದ ಪೋಕರ್ ಬ್ಯಾರಿ ತಂದುಕೊಟ್ಟ ತಾಯತದಿಂದ ಗುಣ. ತಾಯತ, ಹರಕೆ, ಇಂಜೆಕ್ಷನ್, ಕಷಾಯ. ಪ್ರತಿಯೊಂದೂ ಇಪ್ಪತ್ತೈದು ದಿನದೊಳಗೆ ಗುಣ ಮಾಡಿತ್ತು. ಪ್ರತಿಯೊಂದೂ ಆಮೇಲೆ ಕೈಕೊಟ್ಟಿತು. ತೀರಾ ಕೆಟ್ಟಾಗ ನಾವು ಮದ್ದಿಗೆ ಓಡುವುದು. ಓಡಿದ ದಿನದಿಂದ ಸರಿಯಾಗುತ್ತಾ ಬರುವುದು ಹೇಗೂ ಇದ್ದದ್ದೇ.

ನಗು ಬಂತು. ಆಮೇಲೆ ಅಳು ಬಂತು. ಮಾರ್ಕು ಕೂಡಿಸಿಲ್ಲ.

5 ಡಿಸೆಂಬರ್. ರಾತ್ರಿ 8

ಇವರು ಏಳಕ್ಕೆ ಎದ್ದರು. ಕಾಫಿ ಕೊಟ್ಟು ರಿಜಿಸ್ಟರನ್ನು ಕೈಯಲ್ಲಿಟ್ಟೆ. ಕೆಂಪು ಮನೆಗಳನ್ನೆಲ್ಲ ಹಿಂದಿನಿಂದ ಗುಂಡುಸೂಜಿಯಲ್ಲಿ ಚುಚ್ಚಿಟ್ಟಿದ್ದೆ. ಬೆರಳು ಆಡಿಸಿದರು. ಒಂದು ಸಲ, ಎರಡು ಸಲ. ಮುಖ ಬದಲಾಯಿತು. ಎಷ್ಟೋ ತಿಂಗಳ ಮೇಲೆ ಆಫೀಸಿನ ಮುಖ.

"ಇದು ಗ್ರೇಡಿಯಂಟ್. ಘಾಟಿ ರಸ್ತೆಗೆ ಹಾಕ್ತೇವಲ್ಲ, ಅದು. ಒಂದೇ ಸಮ ಇಳಿತ."

"ಹೌದು."

"ಹುಚ್ಚು ಇಷ್ಟು ಅಳತೆಯಲ್ಲಿ ಇರುದಿಲ್ಲ ಊರ್ಮಿಳಾ."

ಆಮೇಲೆ ನನ್ನ ಕೈ ಹಿಡಿದುಕೊಂಡು ಅತ್ತರು. ಕಣ್ಣು ಹೋದ ದಿನವೂ ಹೀಗೆ ಅತ್ತಿರಲಿಲ್ಲ.

8 ಡಿಸೆಂಬರ್, ಶುಕ್ರವಾರ

ಹೈಸ್ಕೂಲಿನ ತ್ಯಾಂಪಣ್ಣ ಮಾಸ್ಟ್ರ ಹತ್ತಿರ ಹೋದೆ. ವಿಜ್ಞಾನದ ಮಾಸ್ಟ್ರು. ಮಂಗಳೂರಿನ ಕಾಲೇಜಿನಿಂದ ಪತ್ರಿಕೆ ತರಿಸಿ ಓದುವ ಮನುಷ್ಯ. ನಕ್ಕುಬಿಡುತ್ತಾರೆಂದು ಹೆದರಿದ್ದೆ. ಕನ್ನಡಕ ಹಣೆಗೇರಿಸಿ ಪುಟದ ಮೇಲೆ ಬಗ್ಗಿದವರು ಏಳಲೇ ಇಲ್ಲ.

"ಟೀಚರೇ, ಇದನ್ನು ನೀವು ಮಾಡಿದ್ದಾ?"

"ಹೌದು ಮಾಸ್ಟ್ರೇ."

"ಅಮೇರಿಕದಲ್ಲಿ ಹಾರುವ ಅಳಿಲನ್ನು ಕತ್ತಲೆ ಕೋಣೆಯಲ್ಲಿ ಇಟ್ಟು ನೋಡಿದ್ದಾರೆ. ನಮ್ಮಲ್ಲಿ ಹಾರುಬೆಕ್ಕು ಹೇಳುದಲ್ವಾ, ಅದರ ಜಾತಿ. ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಆದ್ರೂ ಅದು ದಿನಕ್ಕೊಮ್ಮೆ ಎದ್ದು ಓಡ್ತದೆ. ಆದ್ರೆ ಅದರ ದಿನ ಸರಿಯಾಗಿ ಇಪ್ಪತ್ತನಾಲ್ಕು ಗಂಟೆ ಅಲ್ಲ. ಸ್ವಲ್ಪ ಹೆಚ್ಚು-ಕಮ್ಮಿ. ಒಂದೊಂದಕ್ಕೆ ಒಂದೊಂದು. ಗೀಟು ಹಾಕಿದ್ರೆ ಹೀಗೇ ಓರೆ ಬರ್ತದೆ."

"ಇವರು ಅಳಿಲಲ್ಲವಲ್ಲ ಮಾಸ್ಟ್ರೇ."

"ಮೊಲೆ ಕುಡಿದು ಬೆಳೆಯುವ ಪ್ರಾಣಿಗಳೇ ಅಲ್ವಾ ಎಲ್ಲ? ಒಳಗೊಂದು ಗಡಿಯಾರ ಎಲ್ಲಕ್ಕೂ ಇರಬೇಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ದಿನಾ ಸರಿ ಆಗುದು ಅಂತ ನನ್ನ ಊಹೆ. ನಿಮ್ಮ ಯಜಮಾನರಿಗೆ ಬೆಳಕು ಒಳಗೆ ಹೋಗುದೇ ಇಲ್ಲ. ಗಡಿಯಾರ ನಿಂತಿಲ್ಲ, ಸರಿಪಡಿಸುವವರು ಇಲ್ಲ ಅಷ್ಟೆ."

ಥರ್ಮಾಮೀಟರ್ ಇಟ್ಟು ನೋಡಿ ಎಂದರು. ನೋಡಿದ್ದೇನೆ ಎಂದೆ! ಎರಡು ದಿನದಿಂದ. ಹಗಲು ಮೂರು ಗಂಟೆಗೆ ನಿದ್ದೆಯಲ್ಲಿದ್ದಾಗ ತೊಂಬತ್ತೇಳಕ್ಕೂ ಕಮ್ಮಿ. ರಾತ್ರಿ ಎದ್ದು ಕೂತಾಗ ತೊಂಬತ್ತೆಂಟೂವರೆ. ಹೊಟ್ಟೆಯೂ ಹಾಗೇ ಇರಬೇಕು, ಎಂದರು ಮಾಸ್ಟ್ರು. ಮಲಗಿದ ಹೊಟ್ಟೆಗೆ ಅತ್ತೆ ಸಾರು-ಅನ್ನ ತುಂಬುತ್ತಿದ್ದರು. ಎದೆ ಉರಿಯದೆ ಇನ್ನೇನು?

"ಮದ್ದು ಉಂಟಾ?" ಎಂದೆ.

"ನನಗೆ ಗೊತ್ತಿಲ್ಲ" ಎಂದರು. ಆ ಮಾತಿಗೆ ಅವರ ಮೇಲೆ ಇನ್ನೂ ನಂಬಿಕೆ ಬಂತು.

10 ಡಿಸೆಂಬರ್, ಭಾನುವಾರ

ಭಾವ ಮೂರು ಗಂಟೆಗೆ ಬಂದರು. ಇವರು ಎರಡೂವರೆಗೆ ಮಲಗಿದ್ದರು. ರಿಜಿಸ್ಟರ್ ತೋರಿಸಿದೆ. ಅಕ್ಕಿ ಮಾದರಿ ನೋಡುವ ಹಾಗೆ ದೂರ ಹಿಡಿದು ನೋಡಿ ಕೆಳಗಿಟ್ಟರು.

"ಇದೆಲ್ಲ ಎಂತ ಅಮ್ಮ? ಗೆರೆ ಎಳೆದ್ರೆ ರೋಗ ಗುಣ ಆಗ್ತದಾ?"

"ಭಾವ, ಒಂದು ಮಾತು. ಇವತ್ತಿನಿಂದ ಯಾವ ಮದ್ದೂ ಇಲ್ಲ. ಡಿಸೆಂಬರ್ ಇಪ್ಪತ್ತೈದಕ್ಕೆ ರಾತ್ರಿ ಹತ್ತರ ಸುಮಾರಿಗೆ ಮಲಗ್ತಾರೆ, ಐದರ ಸುಮಾರಿಗೆ ಏಳ್ತಾರೆ. ನೀವೇ ಬಂದು ನೋಡಿ. ತಪ್ಪಿದ್ರೆ ಕಾರು ತನ್ನಿ. ಪೆಟ್ಟಿಗೆ ನಾನೇ ಕಟ್ತೇನೆ."

ಭಾವ ಬೆರಳಲ್ಲಿ ದಿನ ಎಣಿಸಿದರು. "ಆಯ್ತು" ಎಂದರು.

ರಾತ್ರಿ ಇವರಿಗೆ ಹೇಳಿದೆ. "ನನ್ನನ್ನು ಪಣಕ್ಕಿಟ್ಟಿಯಾ?" ಎಂದು ನಕ್ಕರು. ನಗಬಾರದ ಮಾತಿಗೆ ನಗುತ್ತಾರೆ ಈ ಮನುಷ್ಯ.

16 ಡಿಸೆಂಬರ್

ಅಡುಗೆಮನೆಯಲ್ಲಿ ಕಷಾಯದ ವಾಸನೆ. ಅತ್ತೆ ಕದ್ದು ಕೊಡುತ್ತಿದ್ದಾರೆ, ಮೂರು ದಿನದಿಂದ! ಪಾತ್ರೆ ಕಸಿದು ಹಿತ್ತಲಿಗೆ ಚೆಲ್ಲಿದೆ. ಹನ್ನೊಂದು ವರ್ಷದಲ್ಲಿ ಅತ್ತೆಯ ಕೈಯಿಂದ ಏನನ್ನೂ ಕಸಿದವಳಲ್ಲ.

"ಕುಡಿದು ಗುಣ ಆದ್ರೆ ನಿನಗೆ ಎಂತ ನಷ್ಟ?"

"ಕುಡಿದು ಸರಿಯಾದ್ರೆ ಕಷಾಯದಿಂದ ಅಂತಾರೆ. ಮುಂದಿನ ತಿಂಗಳು ಪುನಃ ಕೆಟ್ಟಾಗ ಕಾರು ತರ್ತಾರೆ. ಅರ್ಥ ಮಾಡ್ಕೊಳ್ಳಿ ಅತ್ತೆ."

"ನನ್ನ ಮಗ ಅವ" ಎಂದರು. ಅಲ್ಲೇ ಕುಸಿದು ಕೂತರು. ನಾನೂ ಪಕ್ಕದಲ್ಲಿ ಕೂತೆ. ಇಬ್ಬರೂ ಅತ್ತು ಮುಗಿಸಿ ಬದನೆಕಾಯಿ ಹೆಚ್ಚಿದೆವು. ಇನ್ನು ಕೊಡುವುದಿಲ್ಲ ಎಂದಿದ್ದಾರೆ. ಚೆಲ್ಲಿದ್ದು ತಪ್ಪು. ಆದರೆ ಮತ್ತೆ ಚೆಲ್ಲಬೇಕಾದರೆ ಚೆಲ್ಲುತ್ತೇನೆ.

23 ಡಿಸೆಂಬರ್

ಒಂಬತ್ತು ಗಂಟೆಗೆ ನಿದ್ದೆ. ಪಟ್ಟಿ ಸರಿಯಾಗಿ ಇಳಿಯುತ್ತಿದೆ. ನನಗೇ ನಿದ್ದೆ ಇಲ್ಲ.

26 ಡಿಸೆಂಬರ್, ಮಂಗಳವಾರ. ಬೆಳಿಗ್ಗೆ 7

ಹತ್ತೂ ಹತ್ತಕ್ಕೆ ಮಲಗಿದರು. ಐದಾಗಿ ಐದು ನಿಮಿಷಕ್ಕೆ ಎದ್ದರು. ಭಾವ ಟಾರ್ಚು, ಕೈಗಡಿಯಾರ ಹಿಡಿದು ಜಗಲಿಯಲ್ಲೇ ಮಲಗಿದ್ದರು. ಎದ್ದವರೇ ಇವರು "ಅಣ್ಣ, ಚಳಿ ಆಯ್ತಾ?" ಎಂದು ಕೇಳಿದರು.

ಗೆದ್ದೆ ಎಂದುಕೊಂಡೆ. ಆದರೆ ಭಾವ ಇವರನ್ನು ತಬ್ಬಿಕೊಂಡು "ಗುಣ ಆಯ್ತಲ್ಲ ತಮ್ಮ! ಇನ್ನು ಹೆದರಿಕೆ ಇಲ್ಲ" ಎಂದರು. ಅತ್ತೆ ದೇವರಿಗೆ ದೀಪ ಹಚ್ಚಿದರು. ಇಷ್ಟು ಸಂತೋಷದ ಮನೆಯಲ್ಲಿ ಇದನ್ನು ಹೇಗೆ ಹೇಳುವುದು? ಹೇಳದಿದ್ದರೆ ಮೂರು ವಾರದಲ್ಲಿ ಮತ್ತೆ ಘಟ್ಟದ ಮಾತು.

"ಭಾವ, ಗುಣ ಆದ್ದಲ್ಲ. ನಾಳೆಯಿಂದ ಪುನಃ ತಡ ಆಗ್ತದೆ. ಜನವರಿ ಹದಿನೆಂಟಕ್ಕೆ ಬೆಳಿಗ್ಗೆ ಹತ್ತಕ್ಕೆ ಮಲಗ್ತಾರೆ. ಅದನ್ನೂ ನೋಡಲೇಬೇಕು ನೀವು."

"ಎಂತ ಮಾತು ಅದು? ಸರಿಯಾದವನನ್ನು ಹಾಳು ಮಾಡ್ತೀಯಾ?"

ಇವರು ಗೋಡೆ ಹಿಡಿದು ಎದ್ದು ನಿಂತರು. "ಅಣ್ಣ, ಅವಳು ಹೇಳುದು ಹೌದು. ನನ್ನ ದಿನ ನಿಮ್ಮದಕ್ಕಿಂತ ಅರ್ಧ ಗಂಟೆ ಉದ್ದ. ಅದಕ್ಕೆ ಮದ್ದಿಲ್ಲ. ಆದ್ರೆ ಅದು ಹುಚ್ಚೂ ಅಲ್ಲ. ಹದಿನೆಂಟಕ್ಕೆ ಬಾ."

"ಅಣ್ಣ ಹೇಳಿದ ಹಾಗೆ" ಎನ್ನಲಿಲ್ಲ. ನನಗೆ ಅಷ್ಟು ಸಾಕಿತ್ತು.

ಭಾವ ಕಾಫಿ ಕುಡಿಯದೆ ಹೋದರು.

7 ಜನವರಿ 1962, ಭಾನುವಾರ

ಭಾವನ ಕಡೆಯಿಂದ ಒಂದು ಕಾಗದವೂ ಇಲ್ಲ.

ಇಲ್ಲಿ ಬೇರೆಯೇ ಕಾರುಬಾರು. ಬೆಳಗಿನ ಜಾವ ನಾಲ್ಕೂವರೆಗೆ ಮಲಗುವುದು ಈಗ. ಊಟ ಇವರ ಗಂಟೆಗೆ, ನಮ್ಮ ಗಂಟೆಗಲ್ಲ. ಮುಚ್ಚಿಟ್ಟದ್ದನ್ನು ತಾವೇ ಹುಡುಕಿ ಉಣ್ಣುತ್ತಾರೆ. ಎದೆಯುರಿ ಮಾಯ. ಮೊನ್ನೆಯಿಂದ ರಾತ್ರಿ ಸುಮ್ಮನೆ ಕೂರಲಾರೆ ಎಂದು ದೋಸೆಗೆ ಒರಳಲ್ಲಿ ಕಡೆಯುತ್ತಾರೆ. ಬೆಳಿಗ್ಗೆ ಅತ್ತೆ ಏಳುವಾಗ ಹಿಟ್ಟು ತಯಾರು. "ಹೆಂಗಸರ ಕೆಲಸ ಮಾಡಿಸ್ತೀಯಾ ನನ್ನ ಮಗನ ಹತ್ತಿರ" ಎಂದರು ಅತ್ತೆ. ಆರು ದೋಸೆ ತಿಂದ ಮೇಲೆ "ನುಣ್ಣಗೆ ಕಡೆದಿದ್ದಾನೆ" ಎಂದರು. ಪಕ್ಕದ ಮನೆಯವರು ಶಬ್ದಕ್ಕೆ ಜಗಳಕ್ಕೆ ಬಂದಿದ್ದರು. ಅವರಿಗೂ ಒಂದು ಪಾತ್ರೆ ಹಿಟ್ಟು ಕಳಿಸಿದೆ.

17 ಜನವರಿ. ರಾತ್ರಿ 8

ನಾಳೆ. ಭಾವ ಬರುತ್ತಾರೋ ಇಲ್ಲವೋ. "ಅಣ್ಣ ಬರುವ ಹೊತ್ತಿಗೆ ಹೇಗಾದ್ರೂ ಎಚ್ಚರ ಇರಲಾ? ಅವನಿಗೆ ಬೇಜಾರು ಆಗುದು ಬೇಡ" ಎಂದು ಇವರು ಕೇಳಿದರು. ಬೇಡ ಎಂದೆ. ನಟಿಸಿ ಒಂದು ದಿನ ಉಳಿಯಬಹುದು, ಜೀವಮಾನ ಉಳಿಯಲಾಗುವುದಿಲ್ಲ.

18 ಜನವರಿ, ಗುರುವಾರ. ಸಂಜೆ 4.40

ಶಾಲೆಗೆ ರಜೆ ಹಾಕಿದ್ದೆ. ಹತ್ತಕ್ಕೆ ಐದು ನಿಮಿಷ ಇರುವಾಗ, ಮಾತಾಡುತ್ತಾ ಮಾತಾಡುತ್ತಾ ನಿದ್ದೆ ಹೋದರು.

ಭಾವ ಹತ್ತೂವರೆಗೆ ಬಂದರು. ಕಾರು ತಂದಿರಲಿಲ್ಲ, ಬಸ್ಸಿನಲ್ಲಿ. ಬಾಗಿಲಲ್ಲಿ ನಿಂತು ಮಲಗಿದವರನ್ನು ನೋಡಿದರು. "ಯಾವಾಗ ಏಳ್ತಾನೆ?"

"ಐದಕ್ಕೆ."

"ಕಾಯ್ತೇನೆ."

ಇಡೀ ದಿನ ಕಾದರು. ರಿಜಿಸ್ಟರ್ ಕೇಳಿ ತೆಗೆದುಕೊಂಡರು. ಮೂರು ತಿಂಗಳ ಪುಟ ಒಂದೊಂದಾಗಿ ನೋಡಿದರು, ಕೆಂಪು ಪಟ್ಟಿಯ ಉದ್ದಕ್ಕೂ ಬೆರಳಿಟ್ಟುಕೊಂಡು. ಊಟದ ಮೇಲೆ ಮಾತು ಬಂತು.

"ಮಗಳ ನಿಶ್ಚಿತಾರ್ಥಕ್ಕೆ ಜೋಯಿಸರು ಇಪ್ಪತ್ತೈದು ಕೊಟ್ಟಿದ್ದಾರೆ. ಬರುವ ಗುರುವಾರ. ಅವತ್ತು ಇವ ಹೇಗಿರ್ತಾನೆ?"

ಪುಟ ನೋಡಿ ಹೇಳಿದೆ. "ಒಂದೂವರೆಗೆ ಮಲಗ್ತಾರೆ. ನೆಂಟರು ಊಟಕ್ಕೆ ಕೂರುವ ಹೊತ್ತಿಗೆ."

"ಮತ್ತೆ ಯಾವಾಗ ಸರಿ?"

"ಫೆಬ್ರವರಿ ಹನ್ನೊಂದು. ಭಾನುವಾರ."

ಭಾವ ಲೆಕ್ಕ ಹಾಕಿದರು. "ಲೋಕ ಮುಳುಗ್ತದೆ ಅಂತಾರಲ್ಲ, ಆ ಅಷ್ಟಗ್ರಹ ಕೂಡುದು ಐದನೇ ತಾರೀಕಿಗೆ ಮುಗೀತದೆ. ಲೋಕ ಉಳಿದ್ರೆ ಹನ್ನೊಂದಕ್ಕೇ ಆಗ್ಲಿ. ಜೋಯಿಸರ ಹತ್ತಿರ ನಾನು ಮಾತಾಡ್ತೇನೆ." ರಿಜಿಸ್ಟರ್ ಮುಚ್ಚಿ, "ಅವರ ಮನೆಯವರಿಗೆ ಹೇಳಿದ್ದೇನೆ ಅಮ್ಮ, ಕಣ್ಣಿಲ್ಲದ ಒಬ್ಬ ತಮ್ಮ ಇದ್ದಾನೆ ಅಂತ. ತಾಂಬೂಲ ಅವನ ಕೈಯಿಂದಲೇ ಕೊಡಿಸ್ಬೇಕು. ನನ್ನ ಪಕ್ಕ ಕೂತು."

ನಾನು ಒಳಗೆ ಬಂದುಬಿಟ್ಟೆ. ಭಾವನ ಮುಂದೆ ಅಳುವುದು ಹೇಗೆ?

ಈಗ ಇವರ ತಲೆದೆಸೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಭಾವ, ಅತ್ತೆ ಏನೋ ಮೆಲ್ಲಗೆ ಮಾತಾಡುತ್ತಿದ್ದಾರೆ. ಎಬ್ಬಿಸಿ ಹೇಳಿಬಿಡೋಣ ಎನಿಸುತ್ತದೆ. ಎಬ್ಬಿಸುವುದಿಲ್ಲ. ಇವರ ರಾತ್ರಿ ಇನ್ನೂ ಮುಗಿದಿಲ್ಲ. ಮೊದಲು ತಾಂಬೂಲದ್ದು ಹೇಳಲೋ, ತಾರೀಕು ಬದಲಾದದ್ದು ಹೇಳಲೋ... ತಾರೀಕು. ಅದೇ ಮೊದಲು. ಜೋಯಿಸರ ಪಂಚಾಂಗ ಪಕ್ಕಕ್ಕಿಟ್ಟು ಅಣ್ಣ ನಿಮ್ಮ ದಿನ ಕೇಳಿದರು ಎಂದು —

ಮಗ್ಗುಲಾದರು. ಎಚ್ಚರವಾಯಿತು. "ಅಣ್ಣ ಹೋದ್ನಾ?" ಎಂದು ಕೇಳುತ್ತಿದ್ದಾರೆ. ಇಲ್ಲ, ಹೋಗಿಲ್ಲ, ಹೊರಗೆ ನಿಮಗಾಗಿ ಕಾದು ಕೂತಿದ್ದಾರೆ.